ಅರವತ್ತರ ಮೇಲೆ ತಿಗರಿ

ನಮ್ಮ ಕಾಫಿ ಸೀಮೆಯಲ್ಲಿ ಮಣ್ಣಿನ ಮಾತು ಬಂತೆಂದರೆ ಅದು ಗಿಡದ ಬುಡದ ಮಾತು. ಹುಳಿ ಎಷ್ಟಿದೆ, ಸುಣ್ಣ ಎಷ್ಟು ಹಾಕಬೇಕು, ಮಳೆಗೆ ಕೊಚ್ಚಿಹೋಗದಂತೆ ತೊಟ್ಟಿಲುಗುಂಡಿ ತೆಗೆಸಿದೆಯೋ ಇಲ್ಲವೋ – ಚಿಕ್ಕಮಗಳೂರಿನ ಸಂತೆಯಲ್ಲಾಗಲಿ, ಮೂಡಿಗೆರೆಯ ಬಸ್ ನಿಲ್ದಾಣದಲ್ಲಾಗಲಿ, ಕಳಸದ ದೇವಸ್ಥಾನದ ಮೆಟ್ಟಿಲ ಮೇಲಾಗಲಿ, ಇಬ್ಬರು ಬೆಳೆಗಾರರು ಕೂಡಿದರೆ ಇಷ್ಟು ಮಾತು ಬಂದೇ ಬರುತ್ತದೆ. ಮಣ್ಣು ಗಿಡವನ್ನು ಹೊರಬೇಕು, ಗಿಡ ಹಣ್ಣನ್ನು ಹೊರಬೇಕು. ಅದಕ್ಕಿಂತ ಹೆಚ್ಚಿನದನ್ನು ನಾವು ಮಣ್ಣಿನಿಂದ ಬಯಸಿದವರಲ್ಲ. ನಾನು ಇಂದು ಹೇಳಹೊರಟಿರುವುದು ಇನ್ನೊಂದು ಮಣ್ಣಿನ ವಿಚಾರ. ಅದನ್ನು ಕೈಯಲ್ಲಿ ಹಿಡಿಯುವ ಹೊತ್ತಿಗೆ ನನಗೆ ಅರವತ್ತು ತುಂಬಿತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು ನಾನು. ನಿವೃತ್ತರಾದ ಮೇಷ್ಟರಿಗೆ ಊರು ಮೊದಲೇ ಗೊತ್ತುಮಾಡಿಟ್ಟ ಕೆಲವು ಉದ್ಯೋಗಗಳಿವೆ: ಪಂಚಾಯಿತಿಯ ಅರ್ಜಿ ಬರೆದುಕೊಡುವುದು, ಮದುವೆಯ ಮಾತುಕತೆಯಲ್ಲಿ ನಡುವೆ ಕೂರುವುದು, ಕಾಫಿಯ ಧಾರಣೆ ಏರಿದಾಗಲೂ ಇಳಿದಾಗಲೂ ಒಂದೇ ಸಮನಾಗಿ ತಲೆ ಆಡಿಸುವುದು. ಅವೆಲ್ಲವನ್ನೂ ನಾನೂ ಕೆಲಕಾಲ ಮಾಡಿದೆ. ಆಮೇಲೆ ತಿಗರಿಯ ಮುಂದೆ ಕೂತೆ.

ಮಣ್ಣಿನಿಂದಲೇ ಆರಂಭಿಸೋಣ. ಗುಡ್ಡದ ಓರೆಯಲ್ಲಿ ಕಾಫಿಯನ್ನು ಸಾಕುವ ಕೆಂಪು ಮಣ್ಣು ಮಡಕೆಗೆ ಬಾರದು. ನಮ್ಮ ಮಳೆ ಎಂಥದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಆ ಮಳೆ ಯುಗಯುಗಾಂತರ ತೊಳೆದು, ಕರಗುವುದೆಲ್ಲ ಕರಗಿ ಹೋದಮೇಲೆ, ಕಬ್ಬಿಣದ ತುಕ್ಕೂ ಅಲ್ಯುಮಿನಿಯಮ್ಮಿನ ಅಂಶವೂ ಹೆಚ್ಚಾಗಿ ಉಳಿದುಕೊಂಡ ಮಣ್ಣು ಅದು. ಕುದುರೆಮುಖದ ಕಡೆಗೆ ಹೋದವರಿಗೆ ಈ ಬೆಟ್ಟಗಳ ಹೊಟ್ಟೆಯಲ್ಲಿ ಕಬ್ಬಿಣವೆಷ್ಟಿದೆ ಎಂಬುದು ಗೊತ್ತು. 1976ರಲ್ಲಿ ಅಲ್ಲಿ ಕಂಪನಿಯೊಂದು ಸ್ಥಾಪನೆಯಾಗಿ, 2005ರ ಕೊನೆಯಲ್ಲಿ ಸುಪ್ರೀಂ ಕೋರ್ಟಿನ ಆಜ್ಞೆಯಿಂದ ಗಣಿ ಕೆಲಸ ನಿಲ್ಲುವವರೆಗೂ ಅದಿರನ್ನು ಅಗೆದದ್ದೇ ಅಗೆದದ್ದು. ಇಂಥ ಮಣ್ಣನ್ನು ನೀರು ಹಾಕಿ ಉಂಡೆ ಕಟ್ಟಿದರೆ ಒಣಗಿದ ಮೇಲೆ ಉದುರುತ್ತದೆ. ಆದರೆ ಅದರಲ್ಲಿನ ಅತಿ ನುಣುಪಾದ ಕಣಗಳು ಮಳೆನೀರಿನ ಸಂಗಡ ಇಳಿದು ಕಣಿವೆಯ ತಳದಲ್ಲಿ, ಗದ್ದೆಯ ಕೆಳಗೆ, ಕೆರೆಯ ಅಂಗಳದಲ್ಲಿ ತಂಗುತ್ತವೆ. ಗದ್ದೆಯ ಮೇಲುಮಣ್ಣನ್ನು ಎರಡು ಮೂರು ಅಡಿ ಸರಿಸಿದರೆ ಬೂದುಬಣ್ಣದ, ಜಿಗುಟಾದ, ಬೆರಳಿಗೆ ಬೆಣ್ಣೆಯಂತೆ ತಾಗುವ ಜೇಡಿ ಸಿಕ್ಕುತ್ತದೆ. ಕುಂಬಾರನ ಮಣ್ಣು ಇದೇ.

ಈ ಬೂದುಬಣ್ಣದಲ್ಲಿ ಒಂದು ವಿಶೇಷವಿದೆ. ನೀರಿನ ಕೆಳಗೆ ಗಾಳಿಯಿಲ್ಲದೆ ಕೂತ ಕಬ್ಬಿಣ ತನ್ನ ಕೆಂಪನ್ನು ಕಳೆದುಕೊಂಡಿರುತ್ತದೆ. ಆವಿಗೆಯ ಬೆಂಕಿಯಲ್ಲಿ ಅದಕ್ಕೆ ಮತ್ತೆ ಗಾಳಿ ದೊರೆತಾಗ ಆ ಕೆಂಪು ಹಿಂದಿರುಗುತ್ತದೆ. ಅದೇ ಆವಿಗೆಯ ಬಾಯನ್ನು ಮುಚ್ಚಿ, ಹಸಿ ಸೊಪ್ಪು ತುರುಕಿ, ಹೊಗೆಯನ್ನು ಒಳಗೇ ಕಟ್ಟಿಹಾಕಿದರೆ ಮಡಕೆ ಕಪ್ಪಾಗುತ್ತದೆ. ಒಂದೇ ಮಣ್ಣು, ಒಂದೇ ಕೈ. ಕೊನೆಯ ಗಳಿಗೆಯ ಗಾಳಿ ಮಾತ್ರ ಬೇರೆ. ನಾನು ಶಾಲೆಯಲ್ಲಿ ಆಮ್ಲಜನಕದ ಪಾಠವನ್ನು ಅದೆಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಒಂದು ಕೆಂಪು ಕುಡಿಕೆಯನ್ನೂ ಒಂದು ಕಪ್ಪು ಕುಡಿಕೆಯನ್ನೂ ಮೇಜಿನ ಮೇಲೆ ಇಟ್ಟು ಹೇಳಿದ್ದರೆ ಹುಡುಗರು ಮರೆಯುತ್ತಿರಲಿಲ್ಲ.

ನನಗೆ ಈ ವಿದ್ಯೆಯನ್ನು ಹೇಳಿಕೊಟ್ಟವರು ನಮ್ಮ ತಾಲ್ಲೂಕಿನ ಅಂಚಿನ ಹಳ್ಳಿಯೊಂದರ ಹಿರಿಯ ಕುಂಬಾರರು. ಕುಂಬಾರರನ್ನು ಶೆಟ್ಟರೆಂದು ಕರೆಯುವ ವಾಡಿಕೆಯುಂಟು. ನಾನೂ ಹಾಗೆಯೇ ಕರೆಯುತ್ತೇನೆ. ವಯಸ್ಸಿನಲ್ಲಿ ನನಗಿಂತ ಏಳೆಂಟು ವರ್ಷ ದೊಡ್ಡವರು. ಅಕ್ಕಿರೊಟ್ಟಿ ಬೇಯಿಸುವ ಮಣ್ಣಿನ ಹೆಂಚೊಂದನ್ನು ಹುಡುಕಿಕೊಂಡು ಅವರಲ್ಲಿಗೆ ಹೋಗಿದ್ದೆ. ಅವರು ಕೆಲಸದ ನಡುವೆ ಇದ್ದರು. ಕಾಯುತ್ತಾ ಜಗಲಿಯ ಮೇಲೆ ಕೂತೆ. ಒಂದು ಗಂಟೆಯೋ ಎರಡು ಗಂಟೆಯೋ ಕೂತಿರಬೇಕು. ಹೆಂಚಿನ ವಿಷಯ ನನಗೂ ಮರೆತಿತ್ತು, ಅವರಿಗೂ ಮರೆತಿತ್ತು. ಏಳುವಾಗ, "ನಾನೂ ಕಲಿಯಬಹುದೇ, ಶೆಟ್ಟರೇ?" ಎಂದು ಕೇಳಿದೆ. ಅವರು ನಗಲಿಲ್ಲ, ನನ್ನ ಮೊಣಕಾಲನ್ನು ನೋಡಿದರು. "ಕೂರೋದಕ್ಕೆ ಆಗುತ್ತದಾ ಮೇಷ್ಟ್ರೇ?" ಎಂದರು. ಆ ಪ್ರಶ್ನೆಯ ಅರ್ಥ ಮರುವಾರವೇ ತಿಳಿಯಿತು.

ಹಳೆಯ ತಿಗರಿ ಎಂದರೆ ನೆಲಕ್ಕೆ ಎರಡು ಗೇಣು ಎತ್ತರವೂ ಇಲ್ಲದ ಭಾರವಾದ ಚಕ್ರ. ನೆಲದಲ್ಲಿ ನೆಟ್ಟ ಗೂಟದ ತುದಿಯ ಮೇಲೆ ಅದು ಕೂತಿರುತ್ತದೆ. ಅಂಚಿನ ಗುಳಿಯಲ್ಲಿ ಕೋಲು ಊರಿ ರಭಸವಾಗಿ ತಿರುಗಿಸಿ, ವೇಗ ಬಂದಮೇಲೆ ಕೋಲನ್ನು ಬದಿಗಿಟ್ಟು, ಆ ವೇಗ ಸಾಯುವುದರೊಳಗೆ ಕೆಲಸ ಮುಗಿಸಬೇಕು. ಚಕ್ರದ ಭಾರವೇ ಅದರ ಬಂಡವಾಳ. ಹಗುರವಾದ ಚಕ್ರ ಬೇಗ ನಿಲ್ಲುತ್ತದೆ. ಇದರ ಮುಂದೆ ಕುಕ್ಕರಗಾಲಿನಲ್ಲಿ ಅರ್ಧ ದಿನ ಕೂರುವುದು ಹುಡುಗನಾಗಿದ್ದಾಗ ಕೂತು ಅಭ್ಯಾಸವಾದವರಿಗೆ ಮಾತ್ರ ಸಾಧ್ಯ. ನನಗಾಗಿ ಶೆಟ್ಟರು ಒಂದು ಮಣೆಯನ್ನು ಓರೆಯಾಗಿ ಕೆತ್ತಿಸಿಕೊಟ್ಟರು. ಈಗ ಸ್ಟೂಲಿನ ಮೇಲೆ ಕೂತು ನಡೆಸಬಹುದಾದ ವಿದ್ಯುತ್ ತಿಗರಿಗಳು ಬಂದಿವೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದವರು 2018ರಿಂದ ಕುಂಬಾರರಿಗೆಂದು ಒಂದು ಯೋಜನೆ ಮಾಡಿ ಅವನ್ನು ಹಂಚುತ್ತಿದ್ದಾರೆ. ಮೊಣಕಾಲು ನೋಯುವವರಿಗೆ ಅದು ವರವೇ ಸರಿ. ಆದರೆ ಕೋಲಿನ ತಿಗರಿಯಲ್ಲಿ ಕಲಿತವನಿಗೆ ವೇಗ ಕಡಿಮೆಯಾಗುತ್ತ ಬರುವುದರ ಅರಿವು ಬೆರಳಿನಲ್ಲೇ ಇರುತ್ತದೆ; ಯಾವ ವೇಗದಲ್ಲಿ ಗೋಡೆ ಎತ್ತಬೇಕು, ಯಾವುದರಲ್ಲಿ ಕಂಠ ತಿರುಗಿಸಬೇಕು ಎಂಬುದನ್ನು ಚಕ್ರವೇ ಹೇಳಿಕೊಡುತ್ತದೆ. ಮೋಟಾರು ಹಾಗೆ ಹೇಳುವುದಿಲ್ಲ.

ಮೊದಲ ಎರಡು ತಿಂಗಳು ನನ್ನನ್ನು ಅವರು ಚಕ್ರ ಮುಟ್ಟಗೊಡಲಿಲ್ಲ. ಮಣ್ಣು ತುಳಿಯುವುದು, ಕಲ್ಲು ಬೇರು ಆರಿಸುವುದು, ಬೇಕಾದಷ್ಟು ಮರಳು ಬೆರೆಸುವುದು, ನಾದುವುದು. ಜೇಡಿಯ ಕಣಗಳು ಎಲೆಯಂತೆ ಚಪ್ಪಟೆ. ನಡುವೆ ನೀರು ನಿಂತರೆ ಒಂದರ ಮೇಲೊಂದು ಜಾರುತ್ತವೆ. ಬಗ್ಗಿಸಿದಂತೆ ಬಗ್ಗಿ, ಬಿಟ್ಟಲ್ಲಿ ನಿಲ್ಲುವ ಗುಣ ಅದರಿಂದಲೇ ಬರುವುದು. ಆದರೆ ಬರಿಯ ಜೇಡಿಯಾದರೆ ಒಣಗುವಾಗ ಸೀಳುತ್ತದೆ, ಮರಳು ಹೆಚ್ಚಾದರೆ ನಿಲ್ಲುವುದಿಲ್ಲ. ಶೆಟ್ಟರ ತೂಕದ ಕಲ್ಲು ಅವರ ನಾಲಿಗೆ: ಒಂದು ಚಿಟಿಕೆ ಮಣ್ಣನ್ನು ಮುಂಬಲ್ಲಿನಲ್ಲಿ ಕಡಿದು ನೋಡಿ, "ಇನ್ನೊಂದು ಬೊಗಸೆ ಮರಳು" ಎನ್ನುವರು. ಮಣ್ಣಿನ ಬತ್ತಿ ಹೊಸೆದು ಬೆರಳಿಗೆ ಉಂಗುರದಂತೆ ಸುತ್ತಿದರೆ ಬಿರುಕು ಬಿಡಬಾರದು. ಇದು ಎರಡನೆಯ ಪರೀಕ್ಷೆ. ನಾದುವಾಗ ಒಳಗೆ ಗಾಳಿಯ ಗುಳ್ಳೆ ಉಳಿಯಬಾರದು. ಹದವಾದ ಮಣ್ಣನ್ನು ಒದ್ದೆ ಗೋಣಿ ಹೊದಿಸಿ ಇಟ್ಟರೆ ಕಾಲ ಕಳೆದಷ್ಟೂ ಅದು ಒಳ್ಳೆಯದಾಗುತ್ತದೆಂದು ಅವರು ಹೇಳಿದಾಗ, ಉಪ್ಪಿನಕಾಯಿಯ ವಿಷಯ ಹೇಳುತ್ತಿದ್ದಾರೇನೋ ಎನಿಸಿತ್ತು. ಆದರೆ ಮಾತು ನಿಜ. ನೀರು ಕಣಕಣದ ನಡುವೆ ಇಳಿಯಲು ಕಾಲ ಬೇಕು.

ಚಕ್ರದ ಮೇಲಿನ ವಿದ್ಯೆಯಲ್ಲಿ ಎಲ್ಲಕ್ಕೂ ಮೊದಲನೆಯದೂ ಎಲ್ಲಕ್ಕೂ ಕಷ್ಟವಾದುದೂ ಒಂದೇ: ಮಣ್ಣಿನ ಮುದ್ದೆಯನ್ನು ನಡುವಿಗೆ ತರುವುದು. ಮುದ್ದೆ ಒಂದು ಕೂದಲೆಳೆಯಷ್ಟು ಒಂದು ಮಗ್ಗುಲಿಗಿದ್ದರೂ ಗೋಡೆ ಮೇಲೇರಿದಂತೆ ಆ ಓಲಾಟ ದೊಡ್ಡದಾಗುತ್ತ ಹೋಗುತ್ತದೆ. ಕೈಯನ್ನು ಮಣ್ಣಿನ ಸಂಗಡ ಓಲಾಡಗೊಡದೆ, ಮೊಣಕೈಯನ್ನು ತೊಡೆಗೆ ಒತ್ತಿ, ಕೈಯೇ ಒಂದು ಗೂಟವೆಂಬಂತೆ ಹಿಡಿದಿರಬೇಕು; ಮಣ್ಣು ತಾನಾಗಿ ಬಂದು ನಿಲ್ಲುತ್ತದೆ. ಇದು ಬಲದ ಕೆಲಸವೆಂದು ಹೊಸಬರು ತಿಳಿಯುತ್ತಾರೆ. ಬಲಕ್ಕಿಂತ ಅಲುಗಾಡದಿರುವುದೇ ಇಲ್ಲಿ ಮುಖ್ಯ. ಈ ಒಂದು ವಿಷಯದಲ್ಲಿ ಅರವತ್ತರ ದೇಹಕ್ಕೆ ಇಪ್ಪತ್ತರ ದೇಹಕ್ಕಿಂತ ಅನುಕೂಲವೇ ಹೆಚ್ಚೆಂದು ನನಗೆ ತೋರಿದೆ: ಅಲುಗಾಡದಿರುವ ಅಭ್ಯಾಸ ನಮಗಾಗಲೇ ಬಂದಿರುತ್ತದೆ!

ನಡುವಿಗೆ ತರುವ ಈ ಕೆಲಸವನ್ನು ಮಾಡುವಾಗಲೆಲ್ಲ ನನಗೆ ಕಳಸದ ಸ್ಥಳಪುರಾಣ ನೆನಪಾಗುತ್ತದೆ. ಭದ್ರಾ ತೀರದ ಆ ಊರಿನ ಹೆಸರೇ ಒಂದು ಪಾತ್ರೆಯ ಹೆಸರು, ದೇವರು ಕಳಸೇಶ್ವರ. ಹಿಮಾಲಯದಲ್ಲಿ ಶಿವಪಾರ್ವತಿಯರ ಮದುವೆಗೆ ಲೋಕವೆಲ್ಲ ನೆರೆದು ಭೂಮಿ ಒಂದು ಮಗ್ಗುಲಿಗೆ ವಾಲಿತಂತೆ. ಸಮನಾಗಲೆಂದು ಶಿವನು ಅಗಸ್ತ್ಯರನ್ನು ದಕ್ಷಿಣಕ್ಕೆ ಕಳುಹಿಸಿದ. ಮದುವೆ ತಪ್ಪಿತಲ್ಲಾ ಎಂಬ ಕೊರಗು ಉಳಿಯದಂತೆ ಅದರ ದರ್ಶನವನ್ನು ಅವರಿಗೆ ಇಲ್ಲಿಯೇ ಕರುಣಿಸಿದನೆಂದು ಕಥೆ. ಕಳಸದಲ್ಲಿ ಗಿರಿಜಾ ಕಲ್ಯಾಣದ ಉತ್ಸವ ಇಂದಿಗೂ ನಡೆಯುತ್ತದೆ. ಅಗಸ್ತ್ಯರು ಯಾರು? ಕುಂಭಸಂಭವರು, ಮಡಕೆಯಲ್ಲಿ ಹುಟ್ಟಿದವರು. ವಾಲಿದ ಭೂಮಿಯನ್ನು ನಡುವಿಗೆ ತರಲು ಮಡಕೆಯಿಂದ ಬಂದವನನ್ನೇ ಆರಿಸಿ ಕಳುಹಿಸಿದರೆಂಬ ಮಾತನ್ನು ಶೆಟ್ಟರಿಗೆ ಹೇಳಿದೆ. "ಮತ್ತಿನ್ಯಾರನ್ನ ಕಳಿಸ್ತಾರೆ?" ಎಂದರು.

ಕೊಡ, ಗಡಿಗೆಗಳ ಗುಂಡುತಳ ಚಕ್ರದ ಮೇಲೆ ಆಗುವುದಿಲ್ಲ. ಇದು ನೋಡದವರಿಗೆ ತಿಳಿಯದು. ಚಕ್ರದ ಮೇಲೆ ಆಗುವುದು ಕಂಠವೂ ದಪ್ಪನೆಯ ಒಡಲೂ ಮಾತ್ರ. ಅರ್ಧ ಒಣಗಿದ ಮೇಲೆ ಒಳಗೊಂದು ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಗೋಡೆಯನ್ನು ತೆಳ್ಳಗೆ ಮಾಡುತ್ತ ತಳವನ್ನು ಮುಚ್ಚುತ್ತಾರೆ. ಹೀಗೆ ಬಡಿದ ಮಣ್ಣಿನ ಕಣಗಳು ಒತ್ತಾಗಿ ಕೂಡಿಕೊಳ್ಳುತ್ತವೆ. ಒಲೆಯ ಬೆಂಕಿಯನ್ನು ತಡೆಯುವ ಶಕ್ತಿ ಅದರಿಂದ. ಶೆಟ್ಟರ ಮನೆಯಲ್ಲಿ ಈ ಕೆಲಸ ಅವರ ಹೆಂಡತಿಯದು. ಕುಂಬಾರಿಕೆಯೆಂದರೆ ಚಕ್ರದ ಮುಂದೆ ಕೂತ ಗಂಡಸಿನ ಚಿತ್ರ ನಮ್ಮ ಕಣ್ಣಿಗೆ ಬರುತ್ತದೆ. ಮಣ್ಣು ಹದಮಾಡುವುದು, ತಟ್ಟುವುದು, ಉಜ್ಜಿ ನಯಮಾಡುವುದು, ಕೆಮ್ಮಣ್ಣು ಬಳಿಯುವುದು, ಹೊತ್ತು ಮಾರುವುದು – ಇಷ್ಟನ್ನೂ ಮಾಡುವ ಹೆಂಗಸಿಗೆ ಅನೇಕ ಕಡೆ ಚಕ್ರ ಮುಟ್ಟುವ ಹಕ್ಕು ಇರಲಿಲ್ಲ. ಆ ತಾಯಿ ನನಗೆ ಗುಂಡುಕಲ್ಲು ಹಿಡಿಯುವುದನ್ನು ಕಲಿಸುತ್ತ, "ಒಳಗಿನ ಕೈ ಹೊರಗಿನ ಕೈನ ಕಾಣದೇನೇ ಅದರ ಎದುರಿಗೆ ಇರಬೇಕು ಮೇಷ್ಟ್ರೇ" ಎಂದರು. ಅದಕ್ಕಿಂತ ಚೆನ್ನಾಗಿ ಅದನ್ನು ಹೇಳಲಾರೆ.

ಇನ್ನು ಆವಿಗೆ. ಹಸಿ ಮಡಕೆ ಒಣಗುವಾಗಲೂ ಸುಡುವಾಗಲೂ ಕುಗ್ಗುತ್ತದೆ. ನಮ್ಮ ಜೇಡಿಯಲ್ಲಿ ಸುಮಾರಾಗಿ ಹತ್ತಕ್ಕೆ ಒಂದು ಪಾಲು. ಒಣಗಿತೆಂದು ಕಂಡರೂ ಮಣ್ಣಿನ ಕಣದಲ್ಲೇ ಸೇರಿಕೊಂಡ ನೀರು ಉಳಿದಿರುತ್ತದೆ. ಅದು ಬಿಟ್ಟುಹೋಗಬೇಕಾದರೆ ಬೆಂಕಿ ಐನೂರು ಆರುನೂರು ಡಿಗ್ರಿ ಮುಟ್ಟಬೇಕು. ಅದನ್ನು ದಾಟಿದ ಮಣ್ಣು ಮತ್ತೆ ನೀರಿನಲ್ಲಿ ಕರಗುವುದಿಲ್ಲ. ಮಣ್ಣು ಮಡಕೆಯಾಗುವುದು ಆಗ. ಹಳ್ಳಿಯ ಆವಿಗೆ ಏಳುನೂರು ಎಂಟುನೂರು ಡಿಗ್ರಿಯವರೆಗೆ ಹೋಗುತ್ತದೆ. ಮೊದಲು ಸಣ್ಣ ಉರಿ, ಆಮೇಲೆ ದೊಡ್ಡದು; ಅವಸರಪಟ್ಟರೆ ಒಳಗಿನ ಹಬೆ ಮಡಕೆಯನ್ನು ಸಿಡಿಸುತ್ತದೆ. ಸೌದೆಗೆ ನಮ್ಮಲ್ಲಿ ಕೊರತೆಯಿಲ್ಲ: ಕಸಿ ಮಾಡಿದ ಕಾಫಿ ಗಿಡದ ರೆಂಬೆ, ಸಿಲ್ವರ್ ಓಕಿನ ಕೊಂಬೆ, ಕಾಫಿಯ ಹೊಟ್ಟು. ಕೊರತೆಯಿರುವುದು ಬಿಸಿಲಿಗೆ. ಜೂನಿನಿಂದ ನಾಲ್ಕು ತಿಂಗಳು ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಮಡಕೆ ಒಣಗೀತೇ? ಕುಂಬಾರನ ಹಂಗಾಮು ಜನವರಿಯಿಂದ ಮೇ ತಿಂಗಳವರೆಗೆ. ಅದರಲ್ಲೂ ಮೊದಲ ಭಾಗವನ್ನು ಕಾಫಿ ಕೊಯ್ಲು ನುಂಗುತ್ತದೆ. ಮಣ್ಣು ತುಳಿಯುವ ಕಾಲುಗಳೆಲ್ಲ ಕೂಲಿಗಾಗಿ ತೋಟದಲ್ಲಿರುತ್ತವೆ. ಮಾರ್ಚಿ ಏಪ್ರಿಲಿನಲ್ಲಿ ಬೆಳೆಗಾರ ಆಕಾಶ ನೋಡಿ ಹೂಮಳೆ ಬರಲಪ್ಪಾ ಎಂದು ಹರಕೆ ಹೊರುತ್ತಾನೆ. ಅದೇ ಆಕಾಶವನ್ನು ನೋಡಿ ಕುಂಬಾರ ಇನ್ನೆರಡು ದಿನ ತಡೆಯಲಪ್ಪಾ ಎನ್ನುತ್ತಾನೆ. ನಮ್ಮ ಮನೆಯಲ್ಲಿ ಎರಡು ಎಕರೆ ತೋಟವೂ ಇದೆ. ಹೀಗಾಗಿ ಒಂದೇ ಮನೆಯಿಂದ ದೇವರಿಗೆ ಎರಡು ಅರ್ಜಿ ಹೋಗುತ್ತವೆ.

ವಯಸ್ಸಾದ ಮೇಲೆ ಈ ಗೀಳು ಹಿಡಿದವರು ಬೇರೆಲ್ಲೂ ಇಲ್ಲವೇ ಎಂದು ನಾನು ಹುಡುಕಿದ್ದುಂಟು. ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ನನ್ನ ಮನಸ್ಸಿಗೆ ಹಿಡಿಸಿದವರು ಅಮೆರಿಕೆಯ ಬಿಯಾಟ್ರಿಸ್ ವುಡ್ ಎಂಬ ಮಹಿಳೆ. ಹುಟ್ಟಿದ್ದು 1893ರಲ್ಲಿ. ಹರೆಯದಲ್ಲಿ ಚಿತ್ರ ಬರೆದರು, ನಾಟಕವಾಡಿದರು, ಯಾವುದೂ ನೆಲೆನಿಲ್ಲಲಿಲ್ಲ. 1930ರಲ್ಲಿ ಜಿಡ್ಡು ಕೃಷ್ಣಮೂರ್ತಿಯವರ ಉಪನ್ಯಾಸ ಕೇಳಲೆಂದು ಹಾಲೆಂಡಿಗೆ ಹೋದವರು ಅಲ್ಲಿ ಮಿರುಗುವ ಮೆರುಗಿನ ಹಳೆಯ ತಟ್ಟೆಗಳನ್ನು ಕೊಂಡರು. ಊರಿಗೆ ಬಂದು, ಆ ತಟ್ಟೆಗಳಿಗೆ ಒಪ್ಪುವ ಟೀ ಕೆಟಲ್ ಒಂದು ಬೇಕೆಂದು ಹುಡುಕಿದರೆ ಸಿಕ್ಕಲಿಲ್ಲ. ತಾವೇ ಒಂದನ್ನು ಮಾಡಿಕೊಂಡರಾಯಿತೆಂದು 1933ರಲ್ಲಿ, ತಮ್ಮ ನಲವತ್ತರ ವಯಸ್ಸಿನಲ್ಲಿ, ಹಾಲಿವುಡ್ಡಿನ ಪ್ರೌಢಶಾಲೆಯೊಂದರಲ್ಲಿ ವಯಸ್ಕರಿಗಾಗಿ ನಡೆಯುತ್ತಿದ್ದ ಕುಂಬಾರಿಕೆಯ ತರಗತಿಗೆ ಸೇರಿದರು. ಕೆಟಲ್ ಆಯಿತೋ ಇಲ್ಲವೋ, ಕುಂಬಾರಿಕೆ ಮಾತ್ರ ಬಿಡಲಿಲ್ಲ. ನೂರು ದಾಟಿದ ಮೇಲೂ ಕೆಲಸ ಮಾಡುತ್ತ, 1998ರಲ್ಲಿ ನೂರೈದರ ವಯಸ್ಸಿನಲ್ಲಿ ತೀರಿಕೊಂಡರು. ಅವರಿಗೂ ನಮ್ಮ ನಾಡಿಗೂ ಒಂದು ಕೊಂಡಿ ಇದೆ. 1961ರಲ್ಲಿ ಅವರನ್ನು ಭಾರತಕ್ಕೆ ಬರಮಾಡಿಕೊಂಡು ಅವರ ಪಾತ್ರೆಗಳ ಪ್ರದರ್ಶನಕ್ಕೆ ಕಾರಣರಾದವರು ಕಮಲಾದೇವಿ ಚಟ್ಟೋಪಾಧ್ಯಾಯರು; 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು, ಅಖಿಲ ಭಾರತ ಕರಕುಶಲ ಮಂಡಳಿಯನ್ನು ನಡೆಸಿದವರು. ಘಟ್ಟ ಇಳಿದರೆ ಸಿಕ್ಕುವ ಊರಿನವರು. ಆ ಅಮೆರಿಕೆಯ ಹೆಂಗಸಿಗೆ ನಮ್ಮ ನಾಡಿನ ಮೇಲೆ ಎಷ್ಟು ಮೋಹ ಹುಟ್ಟಿತೆಂದರೆ ಮುಂದೆ ಸೀರೆಯೇ ಅವರ ನಿತ್ಯದ ಉಡುಪಾಯಿತು.

ಈ ಕಥೆಯನ್ನು ಒಂದು ಮಧ್ಯಾಹ್ನ ಶೆಟ್ಟರಿಗೆ ಹೇಳಿದೆ. ಶ್ರದ್ಧೆಯಿಂದ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ ಹಾಕಿದರು: "ಆಯಮ್ಮನ ಮನೆ ಹೇಗೆ ನಡೀತಿತ್ತು ಮೇಷ್ಟ್ರೇ?"

ನಿಜವಾಗಿ ಈ ಭಾಷಣ ಆರಂಭವಾಗಬೇಕಾದದ್ದು ಈ ಪ್ರಶ್ನೆಯಿಂದ. ನನ್ನ ಮನೆ ಪಿಂಚಣಿಯಿಂದ ನಡೆಯುತ್ತದೆ. ಮಡಕೆ ಒಡೆದರೆ ನನಗೆ ಬೇಸರ, ಅಷ್ಟೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾನು ಬಾಲ್ಯದಿಂದ ಹೇಳುತ್ತ ಬಂದವನು. ಆ ವರುಷದ ಊಟದ ಲೆಕ್ಕ ಗಾದೆಯಲ್ಲಿಲ್ಲ. ಶೆಟ್ಟರ ಮಗ ತಿಗರಿ ಮುಟ್ಟುವುದಿಲ್ಲ. ಬಾರದೆಂದಲ್ಲ, ಹದಿನೈದರ ವಯಸ್ಸಿಗೇ ತಂದೆಯ ಸಮಕ್ಕೆ ಕೊಡ ಎತ್ತುತ್ತಿದ್ದನಂತೆ. ಈಗ ಅವನು ತೋಟವೊಂದರ ಪಿಕಪ್ ಗಾಡಿ ಓಡಿಸುತ್ತಾನೆ. ನಾನು ಅರವತ್ತರಲ್ಲಿ ಸಂಭ್ರಮದಿಂದ ಹಿಡಿದದ್ದನ್ನು ಅವನು ಇಪ್ಪತ್ತೈದರಲ್ಲಿ ನಿರ್ಧಾರ ಮಾಡಿ ಬಿಟ್ಟ. ಇಬ್ಬರೂ ಒಮ್ಮೊಮ್ಮೆ ಆ ಜಗಲಿಯ ಮೇಲೆ ಎದುರುಬದುರು ಕೂತು ಕಾಫಿ ಕುಡಿಯುತ್ತೇವೆ. ಅವನು ನನ್ನ ಕೈಯ ಕೆಸರನ್ನು ನೋಡಿ ನಗುತ್ತಾನೆ. ಆ ನಗೆಯಲ್ಲಿ ಕುಚೋದ್ಯವಿಲ್ಲ. ಆದರೂ ನಾನು ಕೈ ತೊಳೆದುಕೊಂಡು ಬಂದು ಕೂರುತ್ತೇನೆ.

ಮೊದಮೊದಲು ನಮ್ಮ ಕಡೆಯ ಕೆಲವರಿಗೆ ಇದು ವಿನೋದವಾಗಿತ್ತು. "ಮೇಷ್ಟ್ರು ಕುಂಬಾರರಾದರಂತೆ" ಎಂಬ ಮಾತು ಸಂತೆಯವರೆಗೆ ಹೋಯಿತು. ಚಿತ್ರ ಬರೆಯುತ್ತೇನೆ, ಹಾರ್ಮೋನಿಯಂ ಕಲಿಯುತ್ತೇನೆ ಎಂದಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ನಮ್ಮ ನಾಡಿನಲ್ಲಿ ಕುಂಬಾರಿಕೆ ಕಲೆಯಾಗುವುದಕ್ಕೆ ಮೊದಲು ಕುಲ. ಮದುವೆಗೆ ಐರಣಿಯ ಮಡಕೆಯನ್ನು ಕುಂಬಾರರ ಮನೆಯಿಂದಲೇ ವಾದ್ಯ ಸಮೇತ ತರುವ ಶಾಸ್ತ್ರ ಎಷ್ಟೋ ಕಡೆ ಇದೆ. ಚಟ್ಟದ ಮುಂದೆ ಹೋಗುವ ಮಡಕೆಯೂ ಅಲ್ಲಿಂದಲೇ ಬರಬೇಕು. ಮಾಡಿದವನನ್ನು ಮಾತ್ರ ಪಂಕ್ತಿಯಿಂದ ದೂರ ಕೂರಿಸಿದ ಕಾಲ ಬಹಳ ಹಿಂದಿನದೇನಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕುಂಬಾರ ಗುಂಡಯ್ಯನಿದ್ದಾನೆ. ಅವನು ಮಡಕೆ ಬಾರಿಸಿದ ದನಿಗೆ ಶಿವನೇ ಕುಣಿದನೆಂದು ಹರಿಹರ ರಗಳೆ ಬರೆದ. ಸರ್ವಜ್ಞನ ತಾಯಿ ಕುಂಬಾರರ ಮಾಳಿ ಎಂದು ಪ್ರತೀತಿ. ಗುಂಡಯ್ಯನ ಕಥೆಯನ್ನು ತರಗತಿಯಲ್ಲಿ ಎಷ್ಟು ಭಕ್ತಿಯಿಂದ ಓದುತ್ತೇವೋ ಅಷ್ಟೇ ನಿರಾತಂಕವಾಗಿ ಸಂತೆಯಲ್ಲಿ ಕುಂಬಾರನೊಡನೆ ಐದು ರೂಪಾಯಿಗೆ ಚೌಕಾಸಿ ಮಾಡುತ್ತೇವೆ.

ಬೆಲೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಾನು ಮಾಡಿದ ನಾಲ್ಕು ಲೋಟಗಳನ್ನು ನೆಂಟರೊಬ್ಬರು ಬೇಡವೆಂದರೂ ಕೇಳದೆ ಒಯ್ದು, ಪ್ರವಾಸಿಗರು ತಂಗುವ ತಮ್ಮ ಮನೆಯಲ್ಲಿ ಇಟ್ಟರು. ಬೆಂಗಳೂರಿನಿಂದ ಬಂದವರೊಬ್ಬರು ಅವನ್ನು ಮೆಚ್ಚಿ, ಒಂದೊಂದಕ್ಕೆ ಮುನ್ನೂರು ರೂಪಾಯಿ ಕೊಟ್ಟು ಕೊಂಡರು. ಅದೇ ವಾರ ಶೆಟ್ಟರ ಹತ್ತು ಸೇರಿನ ಕೊಡ, ಕಂಠದಿಂದ ತಳದವರೆಗೆ ಒಂದೇ ದಪ್ಪ, ಬೆರಳಲ್ಲಿ ತಟ್ಟಿದರೆ ಕಂಚಿನಂತೆ ದನಿ, ಸಂತೆಯಲ್ಲಿ ನೂರೈವತ್ತಕ್ಕೆ ಹೋಯಿತು. ನನ್ನ ಲೋಟ ಸೊಟ್ಟಗಿತ್ತು. ಸೊಟ್ಟಗಿದ್ದದ್ದೇ ಅದರ ಚೆಲುವೆಂದು ಕೊಂಡವರ ಅಭಿಪ್ರಾಯವಂತೆ. ಆ ಸಾವಿರದ ಇನ್ನೂರನ್ನು ಶೆಟ್ಟರ ಮುಂದಿಟ್ಟೆ. ಅವರು ಮುನ್ನೂರನ್ನು ಮಣ್ಣು ಸೌದೆಯ ಬಾಬ್ತು ಎಂದು ಎಣಿಸಿ ತೆಗೆದುಕೊಂಡು ಉಳಿದದ್ದನ್ನು ಹಿಂದಕ್ಕೆ ಕೊಟ್ಟರು. "ನನ್ನ ಕೊಡಕ್ಕೂ ಯಾರಾದರೂ ಇಷ್ಟು ಕೊಡೋ ಹಾಗೆ ಮಾಡಿ, ಅದು ಬೇಕು" ಎಂದರು. ಸಂಗೀತದ ವಿದ್ವಾಂಸರಿಗೆ ಕೊಡುವಂತೆ ತಿಂಗಳ ಪಾಠಕ್ಕೆ ಇಷ್ಟು ಎಂದು ಗೊತ್ತುಮಾಡಿ ಕೊಡುವುದನ್ನು ಅವರು ಒಪ್ಪಿದ್ದು ಅಂದಿನಿಂದ. ಈಗ ಚಿಕ್ಕಮಗಳೂರಿನಿಂದ ಮೂವರು, ನಮ್ಮ ಊರಿನಿಂದ ಇಬ್ಬರು ಅವರಲ್ಲಿ ಪಾಠಕ್ಕೆ ಬರುತ್ತಾರೆ. ಐವರಲ್ಲಿ ನಾಲ್ವರು ಹೆಂಗಸರು, ಎಲ್ಲರೂ ನಲವತ್ತು ದಾಟಿದವರು. ಶೆಟ್ಟರು ಅವರಿಗೆ ಚಕ್ರ ಕಲಿಸುತ್ತಾರೆ. ಇದನ್ನು ನೋಡುತ್ತಿದ್ದ ಅವರ ಹೆಂಡತಿ ಒಂದು ದಿನ ಯಾರನ್ನೂ ಕೇಳದೆ ಬಂದು ತಿಗರಿಯ ಮುಂದೆ ಕೂತು ಒಂದು ಹಣತೆ ಮಾಡಿದರು. ಕೈಗೆ ಮೊದಲೇ ಗೊತ್ತಿತ್ತೆಂಬಂತೆ ಆಯಿತು. ಶೆಟ್ಟರು ಆ ಕಡೆ ತಿರುಗಿ ಬೀಡಿ ಹಚ್ಚಿದರು.

ಕಲಿಯಬೇಕೆನ್ನುವವರು ನನ್ನನ್ನು ಕೇಳುವುದುಂಟು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆಯಿದೆ. ಪುದುಚೇರಿಯಲ್ಲಿ ಅಮೆರಿಕೆಯ ದಂಪತಿಗಳು 1971ರಲ್ಲಿ ಸ್ಥಾಪಿಸಿದ ಗೋಲ್ಡನ್ ಬ್ರಿಡ್ಜ್ ಪಾಟರಿ ಎಂಬ ಕಾರ್ಯಾಗಾರದಲ್ಲಿ ಕಲಿತವರು ದೇಶದಲ್ಲೆಲ್ಲ ಹರಡಿದ್ದಾರೆ. ಆದರೆ ನಿಮ್ಮ ಹತ್ತು ಮೈಲಿಯೊಳಗೆ ಕುಂಬಾರರ ಮನೆಯೊಂದು ಇದ್ದರೆ ಮೊದಲು ಅಲ್ಲಿಗೆ ಹೋಗಿ ಎನ್ನುತ್ತೇನೆ, ಮತ್ತು ಬರಿಗೈಯಲ್ಲಿ ಹೋಗಬೇಡಿ ಎನ್ನುತ್ತೇನೆ. ಚಕ್ರವೇ ಇಲ್ಲದೆ ಬೆರಳಲ್ಲಿ ಚಿವುಟಿ ಕುಡಿಕೆ ಮಾಡಬಹುದು, ಬತ್ತಿ ಸುತ್ತಿ ಹೂಜಿ ಕಟ್ಟಬಹುದು. ಮೆರುಗಿನ ವಿಷಯದಲ್ಲಿ ಮಾತ್ರ ಎಚ್ಚರ: ಕಡಿಮೆ ಬೆಂಕಿಯಲ್ಲಿ ಕರಗುವ ಕೆಲವು ಮೆರುಗುಗಳಲ್ಲಿ ಸೀಸವಿರುತ್ತದೆ, ಹುಳಿ ಪದಾರ್ಥ ಹಾಕಿದರೆ ಅದು ಊಟಕ್ಕೆ ಇಳಿಯುತ್ತದೆ. ಅಡಿಗೆಗೆ ಮೆರುಗಿಲ್ಲದ ಮಡಕೆಯೇ ಲೇಸು. ಹೊಸ ಮಡಕೆಯನ್ನು ಒಂದು ದಿನ ನೀರಿನಲ್ಲಿ ನೆನೆಸಿ, ಅಕ್ಕಿಯ ಗಂಜಿ ಕುದಿಸಿ ಚೆಲ್ಲಿದರೆ ಅದರ ಸಣ್ಣ ರಂಧ್ರಗಳು ಮುಚ್ಚುತ್ತವೆ. ಇಷ್ಟು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿತ್ತು.

ಹೋದ ವರ್ಷ ಒಂದು ಹೊಸ ಚಿಂತೆ ಬಂತು. ಶೆಟ್ಟರು ಮಣ್ಣು ತೆಗೆಯುತ್ತಿದ್ದ ಗದ್ದೆಯ ಒಡೆಯರು ಅದಕ್ಕೆ ಅಡಿಕೆ ಹಾಕುವುದೆಂದು ನಿಶ್ಚಯಿಸಿದರು. ಅವರನ್ನು ದೂರುವಂತಿಲ್ಲ, ಭತ್ತದಲ್ಲಿ ಕೈಗೆ ಏನು ಗಿಟ್ಟುತ್ತದೆಂಬುದು ನಮಗೆಲ್ಲ ಗೊತ್ತಿದೆ, ಕಣಿವೆಯ ಗದ್ದೆಗಳೆಲ್ಲ ಒಂದೊಂದಾಗಿ ಅಡಿಕೆಗೋ ಶುಂಠಿಗೋ ತಿರುಗುತ್ತಿವೆ. ಗುಂಡಿ ತೋಡುವ ಮೊದಲು ಬೇಕಾದಷ್ಟು ಜೇಡಿ ತೆಗೆದುಕೊಳ್ಳಿ ಎಂದು ಅವರೇ ಹೇಳಿಕಳುಹಿಸಿದರು. ಶೆಟ್ಟರ ಮಗ ತೋಟದವರ ಅಪ್ಪಣೆ ಕೇಳಿ ಎರಡು ಭಾನುವಾರ ಪಿಕಪ್ ತಂದ. ಪಾಠಕ್ಕೆ ಬರುವವರೆಲ್ಲ ಸೇರಿ ಮಂಕರಿಯಲ್ಲಿ ಹೊತ್ತರು. ಆ ಮಣ್ಣು ಈಗ ನಮ್ಮ ಕಾಫಿ ಕಣದ ಮೂಲೆಯಲ್ಲಿ, ಒದ್ದೆ ಗೋಣಿಯ ಕೆಳಗೆ, ಹದವಾಗುತ್ತ ಕೂತಿದೆ. ಎಷ್ಟು ಕಾಲಕ್ಕೆ ಸಾಕಾದೀತೆಂದು ಶೆಟ್ಟರನ್ನು ಕೇಳಿದೆ. "ನಿಮಗೂ ನನಗೂ ಆದರೆ ಸಾಕು" ಎಂದು, ಮಗನ ಕಡೆ ನೋಡಿ, "ಇವನೂ ಕೂತರೆ ಸಾಲದು" ಎಂದರು. ಮಗ ಗಾಡಿಯ ಹಿಂಬದಿಯ ಕೆಸರು ತೊಳೆಯುತ್ತಿದ್ದ. ಕೊನೆಗೆ ಉಳಿದ ಒಂದು ಹೆಂಟೆಯನ್ನು ಎಸೆಯದೆ ಕೈಯಲ್ಲಿ ಹಿಡಿದು, ಬೆರಳಿಗೆ ಬತ್ತಿ ಸುತ್ತಿ ನೋಡಿ, "ಮರಳು ಸ್ವಲ್ಪ ಕಡಿಮೆ" ಎಂದು ಗೋಣಿಯ ಮೇಲಿಟ್ಟು ಹೋದ. ಈ ಸಲದ ಆವಿಗೆಯನ್ನು ಯುಗಾದಿಯ ಹಿಂದೆ ಮುಂದೆ ಹಾಕುವುದೆಂದು ಮಾತಾಗಿದೆ, ಹೂಮಳೆಯ ದಾರಿ ನೋಡಿಕೊಂಡು.